ಮಗಳನ್ನು ಪಿಟೀಲಿಗೆ ಕೂರಿಸೋದೇ ದಿನಾ ಜಗಳ ಆಗಿದೆ, ಏನು ಮಾಡಲಿ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಮಗಳಿಗೆ ಏಳು ವರ್ಷ. ಅವಳೇ ಆಸೆಪಟ್ಟು ಹೋದ ವರ್ಷ ಕರ್ನಾಟಕ ಸಂಗೀತದ ಪಿಟೀಲು ಕ್ಲಾಸಿಗೆ ಸೇರಿದಳು. ಕ್ಲಾಸಿಗೆ ಖುಷಿಯಿಂದ ಹೋಗುತ್ತಾಳೆ. ಮನೆಯಲ್ಲಿ ಕೂರಿಸೋದು ಮಾತ್ರ ದಿನಾ ಜಗಳ. ಮೇಷ್ಟ್ರು ದಿನಕ್ಕೊಂದು ಗಂಟೆ ಸಾಧನೆ ಮಾಡಿಸಿ ಅಂತಾರೆ. ಹತ್ತು ನಿಮಿಷಕ್ಕೇ ಇವಳ ಅಳು ಶುರುವಾಗುತ್ತದೆ. ನನಗೆ ಸಂಗೀತ ಗೊತ್ತಿಲ್ಲ. ಆದರೂ ತಪ್ಪು ಕೇಳಿಸಿದಾಗ ಹೇಳುತ್ತೇನೆ, ಅದಕ್ಕೂ ಸಿಟ್ಟು. ನಮ್ಮತ್ತೆಗೆ ಆ ಕಿರ್ ಶಬ್ದ ಆಗಲ್ಲ. ಯಜಮಾನರು ಬಿಡಿಸಿಬಿಡು ಅಂತಾರೆ. ನಾಲ್ಕು ವರ್ಷದ ಮಗ ಬೇರೆ ಅಕ್ಕನ ಕಮಾನು ಎಳೆದಾಡಿ ನನಗೂ ಬೇಕು ಅಂತ ಹಟ ಮಾಡುತ್ತಾನೆ. ಮುಂದಕ್ಕೂ ಆಗಲಿ ಅಂತ ಫುಲ್ ಸೈಜ್ ಪಿಟೀಲನ್ನೇ ತಂದಿದ್ದೇವೆ. ಬಲವಂತ ಮಾಡಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಸಾಲು. ಕ್ಲಾಸಿಗೆ ಖುಷಿಯಿಂದ ಹೋಗುತ್ತಾಳೆ ಅಂದಿದ್ದೀರಿ. ಪಿಟೀಲು ಬೇಡವಾದ ಮಗು ಕ್ಲಾಸಿನ ದಿನ ಬೆಳಗ್ಗೆಯಿಂದಲೇ ಹೊಟ್ಟೆನೋವು ಅನ್ನುತ್ತದೆ. ನಿಮ್ಮ ಮಗಳಿಗೆ ಬೇಡವಾಗಿರೋದು ಮನೆಯಲ್ಲಿ ಕೂರುವ ಆ ಹೊತ್ತು. ಏಳು ವರ್ಷದ ಮಗುವಿನ ಸಾಧನೆಯ ಹೊತ್ತು ಹೇಗಿರಬೇಕು ಅನ್ನೋದನ್ನು ಮಗು ತೀರ್ಮಾನ ಮಾಡೋಕಾಗಲ್ಲ. ಅದು ದೊಡ್ಡವರ ಕೆಲಸ. ಹಾಗಾಗಿ ಬಲವಂತವೋ ಬಿಡೋದೋ ಅನ್ನೋ ಮಾತು ಆಮೇಲೆ. ಮೊದಲು ಬೇರೆ ಕೆಲವು ವಿಷಯ ಸರಿಮಾಡಬೇಕು.

ಪಿಟೀಲಿನ ಅಳತೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅರ್ಧ ಕಣ್ಣೀರು ಅಲ್ಲಿಂದಲೇ ಬರುತ್ತಿರಬಹುದು. ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ತಂದರೆ ನಡೆಯುತ್ತೆ. ಪಿಟೀಲು ಹಾಗಲ್ಲ. ಫುಲ್ ಸೈಜ್ ಪಿಟೀಲಿನ ಮರದ ಹೊಟ್ಟೆಯೇ ಸುಮಾರು 14 ಇಂಚು ಇರುತ್ತದೆ. ಮಕ್ಕಳಿಗೆ ಅಂತ ಮಾಡುವ, 1/4 ಅಂತ ಕರೆಯುವ ಅಳತೆಯದ್ದು ಸುಮಾರು 11 ಇಂಚು. ಏಳು ವರ್ಷದವರಿಗೆ ಸಾಮಾನ್ಯವಾಗಿ 1/4 ಅಥವಾ 1/2 ಸರಿಹೋಗುತ್ತದೆ. ಫುಲ್ ಸೈಜ್ ಬರುವುದು ಹನ್ನೊಂದು, ಹನ್ನೆರಡರ ಹೊತ್ತಿಗೆ. ದೊಡ್ಡ ಪಿಟೀಲಿನಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಿನ ಜಾಗವೂ ದೊಡ್ಡದು. ಪುಟ್ಟ ಬೆರಳು ಅಲ್ಲಿವರೆಗೆ ಎಟಕುವುದಿಲ್ಲ. ಸ್ವರ ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಕೇಳಿದವರು ಮಗುವಿಗೆ ಸ್ವರಜ್ಞಾನ ಇಲ್ಲ ಅಂತಾರೆ. ಎಷ್ಟೋ ಮಕ್ಕಳ ಮೇಲೆ ಈ ಅನ್ಯಾಯದ ಮಾತು ಬಿದ್ದಿದೆ. ಕಮಾನೂ ಅಷ್ಟೇ. ಉದ್ದದ ಕಮಾನು ಎಳೆಯುವಾಗ ಮಗುವಿನ ಮೊಣಕೈ ಬೆನ್ನ ಹಿಂದಕ್ಕೆ ಹೋಗುತ್ತದೆ, ಕಮಾನು ಓರೆಯಾಗುತ್ತದೆ, ಕಿರ್ ಅನ್ನುತ್ತದೆ. ನಿಮ್ಮತ್ತೆಯವರಿಗೆ ಆಗದ ಶಬ್ದ ಇದೇ ಇರಬಹುದು.

ಅಳತೆ ಸರಿಯಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. ನಮ್ಮ ಪದ್ಧತಿಯಲ್ಲಿ ಚಕ್ಕಲಮಕ್ಕಲ ಹಾಕಿ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ತುದಿಯ ಸುರುಳಿಯನ್ನು ಪಾದದ ಮೇಲೆ ಊರುತ್ತೇವೆ. ಇನ್ನೊಂದು ತುದಿ ಎದೆಗೆ, ಎಡಭುಜದ ಹತ್ತಿರ ಒರಗುತ್ತದೆ. ಹೀಗೆ ಕೂರಿಸಿ. ಬೆನ್ನು ಬಾಗಿಸದೆ ಕೂರೋಕಾಗುತ್ತಾ? ಎಡಗೈ ಸುರುಳಿಯ ಹತ್ತಿರ ಹೋದಾಗ ಮೊಣಕೈ ಪೂರ್ತಿ ನೆಟ್ಟಗಾಗದೆ ಸ್ವಲ್ಪ ಬಾಗಿರುತ್ತಾ? ಅಂಗೈಯನ್ನು ಸುರುಳಿಯ ಸುತ್ತ ಸಲೀಸಾಗಿ ಮಡಿಸೋಕಾಗುತ್ತಾ? ಮೂರರಲ್ಲಿ ಒಂದು ಆಗದಿದ್ದರೂ ಪಿಟೀಲು ದೊಡ್ಡದಾಯಿತು. ಹೊಸದೇ ಕೊಳ್ಳಬೇಕಾಗಿಲ್ಲ. ಮೇಷ್ಟ್ರ ಹಳೆಯ ಶಿಷ್ಯರ ಮನೆಗಳಲ್ಲಿ ಚಿಕ್ಕ ಪಿಟೀಲುಗಳು ಅಟ್ಟದ ಮೇಲೆ ಸುಮ್ನೆ ಕೂತಿರುತ್ತವೆ. ಕೇಳಿ ನೋಡಿ. ತಂದಮೇಲೆ ಒಮ್ಮೆ ಮೇಷ್ಟ್ರಿಗೆ ತೋರಿಸಿ. ಕಡಿಮೆ ಬೆಲೆಯ ಪಿಟೀಲುಗಳಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಎಷ್ಟೋ ಸಲ ಎತ್ತರ ಇರುತ್ತದೆ. ತಂತಿ ಒತ್ತೋಕೆ ಜಾಸ್ತಿ ಬಲ ಬೇಕಾಗುತ್ತದೆ, ಬೆರಳು ಉರಿಯುತ್ತದೆ. ಬೆರಳ ತುದಿ ಸ್ವಲ್ಪ ಕೆಂಪಾಗೋದು ಸಹಜ. ಮಣಿಕಟ್ಟು, ಕುತ್ತಿಗೆ, ಬೆನ್ನು ನೋಯುತ್ತೆ ಅಂದರೆ ಅದು ಸಹಜ ಅಲ್ಲ. ಅವತ್ತಿಗೆ ಪಿಟೀಲು ಕೆಳಗಿಡಿಸಿ.

ಇನ್ನು ಶ್ರುತಿ. ಏಳು ವರ್ಷದ ಕೈಗೆ ಬಿರಡೆ, ಅಂದರೆ ತಂತಿ ಬಿಗಿ ಮಾಡುವ ಮರದ ಗೂಟ, ತಿರುಗಿಸೋದು ಆಗದ ಕೆಲಸ. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಹಾಸನದ ಮಳೆ ನಿಮಗೆ ಗೊತ್ತಲ್ಲ. ಶ್ರುತಿ ತಪ್ಪಿದ ಪಿಟೀಲನ್ನು ಮಗುವಿನ ಕೈಗೆ ಕೊಟ್ಟರೆ ಅದು ಎಷ್ಟು ಸರಿಯಾಗಿ ನುಡಿಸಿದರೂ ಅಪಸ್ವರವೇ. ಹಾಗಾಗಿ ನೀವು ಕಲಿಯಲೇಬೇಕಾದ ವಿದ್ಯೆ ಇದೊಂದು. ಮುಂದಿನ ಕ್ಲಾಸಿನಲ್ಲಿ ಸ್ವಲ್ಪ ಹೊತ್ತು ಕೇಳಿಕೊಂಡು ತಂತಿ ಕೂಡಿಸೋದನ್ನು ಮೇಷ್ಟ್ರಿಂದಲೇ ಹೇಳಿಸಿಕೊಳ್ಳಿ. ನಾಲ್ಕೂ ತಂತಿಗೆ ಫೈನ್ ಟ್ಯೂನರ್ ಅನ್ನೋ ಪುಟ್ಟ ತಿರುಪು ಹಾಕಿಸಿ, ಆಗ ಬಿರಡೆ ಮುಟ್ಟುವ ಪ್ರಸಂಗ ಕಡಿಮೆ. ನಾಲ್ಕು ತಂತಿ ಸ, ಪ, ಸ, ಪ ಅಂತ ಇರುತ್ತವೆ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಮೇಷ್ಟ್ರು ಹೇಳಿದ ಶ್ರುತಿ ಇಟ್ಟುಕೊಂಡರೆ ಸಂಗೀತ ಬಾರದವರಿಗೂ ಕೆಲವೇ ದಿನದಲ್ಲಿ ಕಿವಿ ಕೂಡುತ್ತದೆ. ತಂತಿ ಬಿಗಿ ಮಾಡುವಾಗ ಮುಖ ದೂರ ಇರಲಿ. ಸಣ್ಣ ತಂತಿ ಪಟ್ಟಂತ ಹರಿಯುತ್ತದೆ. ಒಂದು ಸೆಟ್ ತಂತಿ ಮನೆಯಲ್ಲಿ ಯಾವಾಗಲೂ ಇರಲಿ.

ಈಗ ಜಗಳದ ವಿಷಯ. ಮಕ್ಕಳು ಅಳೋದು ಹೆಚ್ಚಾಗಿ ನುಡಿಸುವಾಗ ಅಲ್ಲ, ಶುರು ಮಾಡುವಾಗ. ಆಟ ಬಿಟ್ಟು ಬರಬೇಕು, ಪೆಟ್ಟಿಗೆ ತೆಗೀಬೇಕು, ಕಮಾನು ಬಿಗಿ ಮಾಡಬೇಕು, ಅದರ ಕೂದಲಿಗೆ ರೋಸಿನ್ ಅನ್ನೋ ಅಂಟು ಹಚ್ಚಬೇಕು. ಅಷ್ಟರಲ್ಲೇ ಅವರ ಉತ್ಸಾಹ ಮುಗಿದಿರುತ್ತದೆ. ಇಷ್ಟೂ ಕೆಲಸ ನೀವು ಮಾಡಿಡಿ. ಅವಳು ಬರುವ ಹೊತ್ತಿಗೆ ಚಾಪೆ ಹಾಸಿರಲಿ, ತಂಬೂರಿ ಶುರುವಾಗಿರಲಿ, ಪಿಟೀಲು ಶ್ರುತಿಯಾಗಿ ಕಾಯುತ್ತಿರಲಿ. ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ. ಐದೂವರೆಗೆ ಅಂದರೆ ದಿನಾ ಚರ್ಚೆ ಆಗುತ್ತದೆ. ಸ್ಕೂಲಿಂದ ಬಂದು ತಿಂಡಿ ತಿಂದ ಮೇಲೆ, ಆಟಕ್ಕೆ ಹೋಗುವ ಮುಂಚೆ ಅಂತ ಇಟ್ಟುಕೊಳ್ಳಿ. ರಾತ್ರಿ ಊಟದ ಹತ್ತಿರ ಮಾತ್ರ ಬೇಡ. ಸುಸ್ತಾದ ಮಗುವಿಗೆ ಪಿಟೀಲು ಶಿಕ್ಷೆಯ ಹಾಗೆ ಕಾಣುತ್ತದೆ.

ಎಷ್ಟು ಹೊತ್ತು? ಹತ್ತು ನಿಮಿಷ. ಅಳು ಬರೋದು ಹತ್ತು ನಿಮಿಷಕ್ಕೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಎಂಟಕ್ಕೆ ನಿಲ್ಲಿಸಿ. ಇನ್ನೂ ನುಡಿಸ್ತೀನಿ ಅಂದರೂ ಮೊದಲ ಎರಡು ವಾರ ನಿಲ್ಲಿಸಿಯೇಬಿಡಿ. ಬೆಳಗ್ಗೆ ಸ್ಕೂಲಿಗೆ ಮುಂಚೆ ಐದು ನಿಮಿಷ ಸಿಕ್ಕರೆ ಅದೂ ಸೇರಲಿ. ಈ ವಯಸ್ಸಿನಲ್ಲಿ ದಿನಾ ಎರಡು ಸಲ ಸ್ವಲ್ಪ ಸ್ವಲ್ಪ ನುಡಿಸಿದರೆ ಕೈಗೆ ಕೂರುವಷ್ಟು ಭಾನುವಾರ ಒಂದೇ ಸಲ ಗಂಟೆಗಟ್ಟಲೆ ಕೂತರೆ ಕೂರುವುದಿಲ್ಲ. ಎಂಟು, ಒಂಬತ್ತು ತುಂಬುವ ಹೊತ್ತಿಗೆ ಅರ್ಧ ಗಂಟೆಗೆ ತಾನಾಗಿಯೇ ಬರುತ್ತಾಳೆ.

ಒಂದು ಗಂಟೆ ಅಂದ ಮೇಷ್ಟ್ರ ಮಾತಿಗೆ ಏನು ಮಾಡೋದು? ಅವರ ಮೇಲೆ ಬೇಸರ ಬೇಡ. ನಮ್ಮ ಸಂಗೀತದಲ್ಲಿ ಸಾಧನೆಯ ಕಥೆಗಳು ದೊಡ್ಡವು. ಪಿಟೀಲಿನ ದಿಗ್ಗಜ ಮೈಸೂರು ಚೌಡಯ್ಯನವರು ಗುರುಗಳಾದ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಠಿಣ ಶಿಷ್ಯವೃತ್ತಿ ಮಾಡಿದ್ದನ್ನು ಇವತ್ತಿಗೂ ಹೇಳುತ್ತೇವೆ. ಆದರೆ ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕೃಷ್ಣಪ್ಪನವರ ಬಳಿ ಸೇರಿದ್ದು 1910ರಲ್ಲಿ. ಅಂದರೆ ಅದು ಹದಿನೈದರ ಹುಡುಗನ ಸಾಧನೆ. ಲಾಲ್ಗುಡಿ ಜಯರಾಮನ್, ಟಿ.ಎನ್. ಕೃಷ್ಣನ್, ನಮ್ಮ ಮೈಸೂರು ನಾಗರಾಜ್ ಮತ್ತು ಮಂಜುನಾಥ್, ಈ ಪಿಟೀಲು ವಿದ್ವಾಂಸರೆಲ್ಲ ಚಿಕ್ಕಂದಿನಲ್ಲೇ ಶುರು ಮಾಡಿದರಲ್ಲ ಅಂತ ಯಾರಾದರೂ ಅನ್ನಬಹುದು. ಅವರೆಲ್ಲರಿಗೂ ತಂದೆಯೇ ಗುರು. ಪಾಠ ಮಾಡುವವರು ಮನೆಯಲ್ಲೇ ಇದ್ದರು. ತಪ್ಪಾದ ಕೂಡಲೇ ನುಡಿಸಿ ತೋರಿಸುವ ಕೈ ಪಕ್ಕದಲ್ಲೇ ಇತ್ತು. ನಿಮ್ಮ ಮಗಳಿಗೆ ವಾರಕ್ಕೆ ಒಂದೋ ಎರಡೋ ಸಲ ಮೇಷ್ಟ್ರು ಸಿಗುತ್ತಾರೆ. ಉಳಿದ ದಿನ ಒಬ್ಬಳೇ ಒಂದು ಗಂಟೆ ನುಡಿಸಿದರೆ ತಪ್ಪೇ ಗಟ್ಟಿಯಾಗುವ ಅಪಾಯವೂ ಇದೆ. ಮೇಷ್ಟ್ರ ಹತ್ತಿರ ಒಂದು ಗಂಟೆ ಆಗಲ್ಲ ಅಂತ ವಾದಕ್ಕೆ ಇಳಿಯಬೇಡಿ. ಹೀಗೆ ಕೇಳಿ: ಸಾರ್, ಸದ್ಯಕ್ಕೆ ದಿನಾ ಹತ್ತು ನಿಮಿಷ ತಪ್ಪದೆ ಕೂರಿಸ್ತೀನಿ, ಈ ವಾರ ಯಾವುದೊಂದನ್ನ ಮಾಡಿಸಲಿ? ಒಳ್ಳೆಯ ಮೇಷ್ಟ್ರು ಒಂದನ್ನೇ ಹೇಳುತ್ತಾರೆ. ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಅವರು ಒಪ್ಪಿದರೆ ಅವರು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಆ ಹತ್ತು ನಿಮಿಷದಲ್ಲಿ ಮೊದಲು ಬೆರಳಿಡದೆ ಬರೀ ತಂತಿಗಳ ಮೇಲೆ ಉದ್ದುದ್ದ ಕಮಾನು, ತಂಬೂರಿ ಕೇಳುತ್ತಾ. ಇದನ್ನು ಹಾರಿಸಬೇಡಿ. ನಾದ ಬರೋದು ಬಲಗೈಯಿಂದ. ಆಮೇಲೆ ಮೇಷ್ಟ್ರು ಹೇಳಿದ ಆ ಒಂದು ವರಸೆ (ಸ್ವರಗಳ ಅಭ್ಯಾಸ ಪಾಠ), ಒಂದನೇ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ ಮಾತ್ರ. ಮಕ್ಕಳಿಗೆ ಮೂರನೇ ಕಾಲಕ್ಕೆ ಓಡುವ ಆಸೆ ಜಾಸ್ತಿ. ಓಡಿದಾಗ ಬೆರಳು ಎಲ್ಲೆಲ್ಲೋ ಬೀಳುತ್ತದೆ. ಕೊನೆಗೆ ಅವಳಿಗೆ ಚೆನ್ನಾಗಿ ಬರುವ ಯಾವುದಾದರೂ ಒಂದು, ಅವಳ ಇಷ್ಟದ್ದು. ಬಂದದ್ದನ್ನು ನುಡಿಸಿ ಏಳಬೇಕು.

ನೀವು ತಪ್ಪು ಹೇಳೋದನ್ನು ಇವತ್ತಿಂದ ನಿಲ್ಲಿಸಿ. ಇದು ನನ್ನ ಉತ್ತರದ ಮುಖ್ಯ ಮಾತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಟೀಲಿನಲ್ಲಿ ವೀಣೆಯ ಹಾಗೆ ಬೆರಳಿನ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಬೇರೆ. ಆ ಜಾಗ ಹುಡುಕಬೇಕಾದ್ದು ಅವಳ ಕಿವಿ. ಅಮ್ಮ ಪ್ರತಿ ಸಲ ತಪ್ಪು ಅಂದಾಗ ಮಗು ತನ್ನ ಕಿವಿಯನ್ನು ಬಿಟ್ಟು ಅಮ್ಮನ ಮುಖ ನೋಡೋಕೆ ಶುರು ಮಾಡುತ್ತದೆ. ಮುಖ ಸಪ್ಪಗಾದರೆ ತಪ್ಪು, ಅರಳಿದರೆ ಸರಿ. ಹಾಗೆ ಕಲಿತ ಮಕ್ಕಳು ಒಬ್ಬರೇ ಕೂತಾಗ ದಾರಿ ತಪ್ಪುತ್ತಾರೆ.

ಅವಳೇ ಪರೀಕ್ಷೆ ಮಾಡಿಕೊಳ್ಳುವ ದಾರಿ ಪಿಟೀಲಿನಲ್ಲೇ ಇದೆ. ಮೊದಲ ಪಾಠವಾದ ಸರಳೆ ವರಸೆ ಮಾಯಾಮಾಳವಗೌಳ ಅನ್ನೋ ರಾಗದಲ್ಲಿ ಇರುತ್ತದೆ. ಸ ತಂತಿಯಲ್ಲಿ ಸ ರಿ ಗ ಮಕ್ಕೆ ಬೆರಳು ಎಲ್ಲೆಲ್ಲಿ ಬೀಳುತ್ತದೋ, ಪಕ್ಕದ ಪ ತಂತಿಯಲ್ಲಿ ಪ ದ ನಿ ಸಕ್ಕೂ ಅಲ್ಲೇ ಬೀಳುತ್ತದೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೂ ಬಂತು. ಇದನ್ನು ಮಗುವಿಗೆ ತೋರಿಸಿದಾಗ ಕಣ್ಣು ಅಗಲ ಆಗುತ್ತದೆ. ಇನ್ನೊಂದು: ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ ಪ ತಂತಿಯಲ್ಲಿ ಬೆರಳೂರಿ ನುಡಿಸಿದ ಸ, ಅದರ ಪಕ್ಕದ ತಂತಿಯಲ್ಲಿ ಬೆರಳೇ ಇಲ್ಲದೆ ನುಡಿಯುವ ಸ, ಎರಡೂ ಒಂದೇ ಸ್ವರ. ಎರಡನ್ನೂ ಒಂದಾದ ಮೇಲೊಂದು ನುಡಿಸಲಿ. ಕೂಡಿದರೆ ಸರಿ. ಕೂಡದಿದ್ದರೆ ಬೆರಳನ್ನು ಸ್ವಲ್ಪ ಸರಿಸಿ ಮತ್ತೆ ನೋಡಲಿ. ನೀವು ಕೇಳಬೇಕಾದ್ದು ಇಷ್ಟೇ: ಕೂಡ್ತಾ ಪುಟ್ಟಿ? ಇಲ್ಲ ಅಂದರೆ ಸುಮ್ಮನಿರಿ, ಹುಡುಕಲಿ. ಹೂಂ ಅಂದು ನಿಮಗೆ ಕೂಡಿಲ್ಲ ಅನ್ನಿಸಿದರೂ ಸುಮ್ಮನಿರಿ, ಅದು ಮೇಷ್ಟ್ರು ನೋಡಿಕೊಳ್ಳುವ ವಿಷಯ. ನಿಮಗೆ ಸಂಗೀತ ಗೊತ್ತಿಲ್ಲ ಅನ್ನೋದು ಇಲ್ಲಿ ಕೊರತೆಯೇ ಅಲ್ಲ. ಜಪಾನಿನ ಶಿನಿಚಿ ಸುಜುಕಿ ಪುಟ್ಟ ಮಕ್ಕಳಿಗೆ ಪಿಟೀಲು ಕಲಿಸುವ ಪದ್ಧತಿ ಕಟ್ಟಿದಾಗ ತಾಯಿಯೋ ತಂದೆಯೋ ಕ್ಲಾಸಿನಲ್ಲಿ ಜೊತೆಗೆ ಕೂರಬೇಕು, ತಾವೂ ಸ್ವಲ್ಪ ನುಡಿಸಲು ಕಲಿಯಬೇಕು ಅಂತಲೇ ಇಟ್ಟರು. ಅಪ್ಪ ಅಮ್ಮ ವಿದ್ವಾಂಸರಾಗಲಿ ಅಂತ ಅಲ್ಲ, ಆ ಕಮಾನು ಹಿಡಿಯೋದು ಎಷ್ಟು ಕಷ್ಟ ಅಂತ ಅವರ ಕೈಗೂ ತಿಳಿಯಲಿ ಅಂತ ನಾನು ಅಂದುಕೊಂಡಿದ್ದೇನೆ. ಒಂದು ದಿನ ಮಗಳ ಹತ್ತಿರ ಹೇಳಿಸಿಕೊಂಡು ನೀವೂ ಕಮಾನು ಎಳೆದು ನೋಡಿ. ಅವಳು ನಿಮಗೆ ಪಾಠ ಮಾಡುವಾಗ ಅವಳಿಗೇ ಎಷ್ಟು ಗೊತ್ತಿದೆ ಅಂತ ಕಾಣುತ್ತದೆ.

ಫೋನು ಆ ಹತ್ತು ನಿಮಿಷ ತಂಬೂರಿ ಆಗಿರಲಿ, ಅಷ್ಟೇ. ಪಕ್ಕದಲ್ಲಿ ಕೂತು ವಾಟ್ಸ್ಆ್ಯಪ್ ನೋಡುವ ಅಮ್ಮನನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ.

ನಿಮ್ಮತ್ತೆಯವರಿಗೂ ಒಂದು ಜಾಗ ಕೊಡಿ. ಅವರಿಗೆ ಒಂದೆರಡು ದೇವರನಾಮವಾದರೂ ಬರುತ್ತದೆ, ಅಲ್ವಾ? ಸಂಜೆ ದೀಪ ಹಚ್ಚಿದ ಮೇಲೆ ಒಂದನ್ನು ಮೊಮ್ಮಗಳಿಗೆ ಬಾಯಿಪಾಠ ಹೇಳಿಕೊಡಲಿ. ನಮ್ಮಲ್ಲಿ ಪಿಟೀಲು ಕಲಿಯೋದು ಹಾಡಿನ ಮೂಲಕವೇ. ಬಾಯಲ್ಲಿ ಬಂದದ್ದು ಬೆರಳಿಗೆ ಬೇಗ ಬರುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಅದರ ಮೊದಲ ಸಾಲನ್ನು ಮಗಳು ಪಿಟೀಲಿನಲ್ಲಿ ಹುಡುಕೋಕೆ ಹೊರಡುತ್ತಾಳೆ. ಆಗ ಅಜ್ಜಿ ಶಬ್ದ ಅನ್ನೋದಿಲ್ಲ, ಅಲ್ಲಲ್ಲ, ಸ್ವಲ್ಪ ಮೇಲಕ್ಕೆ ಅಂತಾರೆ. ಅಜ್ಜಿ ಹಾಗಂದರೆ ಪರವಾಗಿಲ್ಲ, ಅವರು ಹಾಡಿ ತೋರಿಸಬಲ್ಲರು. ದೋಸೆ ಹಾಕುವಾಗ ನಿಮ್ಮ ಜೊತೆ ನಿಂತು ವರಸೆ ಹಾಡಿಕೊಂಡರೆ ಅದೂ ಸಾಧನೆಯ ಲೆಕ್ಕವೇ.

ಮನೆಗೆ ನೆಂಟರು ಬಂದಾಗ ಎಲ್ಲಿ, ಒಂದು ನುಡಿಸು ಅಂತ ಮಾತ್ರ ದಯವಿಟ್ಟು ಕೂರಿಸಬೇಡಿ. ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕೋದೂ ಈಗ ಬೇಡ. ಅವಳಾಗಿ ನುಡಿಸ್ತೀನಿ ಅಂದರೆ ಬೇರೆ ಮಾತು. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ವಿಚಾರವೂ ಈಗಲೇ ಬೇಡ. ಅದರ ಬದಲು ಕಛೇರಿಗೆ ಕರೆದುಕೊಂಡು ಹೋಗಿ. ರಾಮನವಮಿ, ಗಣೇಶನ ಹಬ್ಬದಲ್ಲಿ ನಮ್ಮ ಊರುಗಳಲ್ಲಿ ಪುಕ್ಕಟೆ ಸಂಗೀತಕ್ಕೆ ಬರವಿಲ್ಲ. ಆ ಸಮಯದಲ್ಲಿ ಬೆಂಗಳೂರಿಗೆ ಹೋಗೋದಿದ್ದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಒಂದು ಸಂಜೆ ಕರೆದೊಯ್ಯಿರಿ. ಪಿಟೀಲಿನವರ ಕೈ ಕಾಣುವ ಕಡೆ ಕೂರಿಸಿ. ಒಂದು ಗಂಟೆ ಸಾಕು. ತೂಕಡಿಸುವ ಮುಂಚೆ ಎದ್ದು ಬನ್ನಿ.

ಮಗನಿಗೆ ನಾಲ್ಕು. ಅವನಿಗೆ ಈಗಲೇ ಪಿಟೀಲು ಕೊಡಿಸಬೇಡಿ. 1/16ರ ಪುಟ್ಟ ಪಿಟೀಲುಗಳು ಇವೆ ನಿಜ. ಆದರೆ ಹೊಸದು ಬಂದ ದಿನವೇ ಮನೆ ಎರಡು ಪಕ್ಷ ಆಗುತ್ತದೆ. ಅವನಿಗೆ ತಾಳದ ಕೆಲಸ ಕೊಡಿ. ಅಕ್ಕ ವರಸೆ ಹಾಡುವಾಗ ಆದಿತಾಳ ಹಾಕಲಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು. ಬೆರಳೆಣಿಕೆ ಬರದಿದ್ದರೆ ಬರೀ ಚಪ್ಪಾಳೆ ಸಾಕು. ಅಕ್ಕ ನುಡಿಸುವ ಹತ್ತು ನಿಮಿಷ ಮಾತ್ರ ಅವನನ್ನು ಅಪ್ಪನೋ ಅಜ್ಜಿಯೋ ಹೊರಗೆ ಕರೆದೊಯ್ಯಲಿ. ಆ ಹತ್ತು ನಿಮಿಷ ನೀವು ಪೂರ್ತಿ ಅವಳಿಗೆ. ಎರಡು ಮಕ್ಕಳಿರುವ ಮನೆಯಲ್ಲಿ ಅಮ್ಮ ಒಬ್ಬರಿಗೇ ಸಿಗೋದು ದೊಡ್ಡ ಆಸೆ. ಸಾಧನೆಗೆ ಅದಕ್ಕಿಂತ ಒಳ್ಳೆಯ ಚಾಕೊಲೇಟ್ ಇಲ್ಲ. ಒಂದು ವಿಷಯಕ್ಕೆ ಈಗಲೇ ತಯಾರಾಗಿ. ಕೇಳೀ ಕೇಳೀ ಅವನು ಸರಳೆ ವರಸೆಯನ್ನು ಅಕ್ಕನಿಗಿಂತ ಬೇಗ ಹಾಡಿಬಿಡಬಹುದು. ಚಿಕ್ಕವರು ಹಾಗೇ ಕಲಿಯೋದು. ನೋಡು ತಮ್ಮನಿಗೇ ಬರುತ್ತೆ ಅನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ.

ಕೊನೆಗೆ ಬಿಡಿಸೋ ವಿಚಾರ. ನಿಮ್ಮ ಯಜಮಾನರು ಮಗು ಅಳೋದನ್ನು ನೋಡಲಾರದೆ ಹೇಳುತ್ತಿದ್ದಾರೆ. ಅವರ ಸಂಕಟ ನಿಜ. ಆದರೂ ಅಳುವ ದಿನ ಈ ತೀರ್ಮಾನ ಬೇಡ. ಮೇಲೆ ಹೇಳಿದ್ದನ್ನೆಲ್ಲ ಮಾಡಿ, ಒಂದು ಗಡಿ ಇಟ್ಟುಕೊಳ್ಳಿ. ದಸರಾ ರಜೆಯವರೆಗೆ ಅಥವಾ ಯುಗಾದಿಯವರೆಗೆ. ಅದನ್ನು ಮಗಳಿಗೂ ಹೇಳಿ. ಆ ದಿನ ಮೂವರೂ ಕೂತು ಮಾತಾಡಿ, ಆಗಲೂ ಬೇಡ ಅಂದರೆ ಮನಸ್ಸಿನಿಂದ ಒಪ್ಪಿಕೊಳ್ಳಿ. ಆಮೇಲೆ ಇಷ್ಟು ದುಡ್ಡು ಹಾಕಿದೆವು ಅನ್ನೋ ಮಾತು ಎತ್ತಬೇಡಿ. ಗಡಿಗೆ ಕಾಯದೆ ನಿಲ್ಲಿಸಬೇಕಾದ ಸಂದರ್ಭ ಒಂದೇ. ಇದ್ದಕ್ಕಿದ್ದಂತೆ ಕ್ಲಾಸಿಗೆ ಹೋಗಲು ಹೆದರಿದರೆ ಹೋಗಿ ಪಾಠದಲ್ಲಿ ಕೂತು ನೋಡಿ. ಮಗುವಿನ ಕೈಗೆ ಹೊಡೆಯೋದು, ಬೇರೆ ಮಕ್ಕಳೆದುರು ಅವಮಾನ ಮಾಡೋದು ಕಂಡರೆ ಅವತ್ತೇ ಬಿಡಿಸಿ, ಬೇರೆ ಗುರುಗಳನ್ನು ಹುಡುಕಿ. ಎಷ್ಟು ದೊಡ್ಡ ವಿದ್ವಾಂಸರಾದರೂ ಸರಿ.

ಮನೆಯಲ್ಲಿರುವ ಫುಲ್ ಸೈಜ್ ಪಿಟೀಲನ್ನು ಮಾರಬೇಡಿ. ತಂತಿಗಳನ್ನು ಸ್ವಲ್ಪ ಸಡಿಲ ಮಾಡಿಡಿ. ಪೂರ್ತಿ ಬಿಚ್ಚಿದರೆ ಒಳಗೆ ನಿಲ್ಲಿಸಿರುವ ಸೌಂಡ್ ಪೋಸ್ಟ್ ಅನ್ನೋ ಪುಟ್ಟ ಮರದ ಕಡ್ಡಿ ಬಿದ್ದುಹೋಗಬಹುದು, ಬ್ರಿಡ್ಜ್ ಕೂಡ ನಿಲ್ಲುವುದಿಲ್ಲ. ಕಮಾನಿನ ಕೂದಲನ್ನು ಸಡಿಲಿಸಿ, ಬಟ್ಟೆಯಿಂದ ರೋಸಿನ್ ಪುಡಿ ಒರೆಸಿ, ಪೆಟ್ಟಿಗೆಯಲ್ಲಿ ಹಾಕಿ ಬೀರುವಿನಲ್ಲಿ ಇಡಿ. ಬಿಸಿಲು ಬೀಳುವ ಕಡೆ ಬೇಡ, ಕಾರಿನಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.